‘ಆಗೋದೇ ಇಲ್ಲ’ ಅನ್ನುವ ಮಗು: ಸಾಧ್ಯ, ಅಪರೂಪ, ಅಸಾಧ್ಯದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಮಗಳಿಗೆ ಐದು ತುಂಬಿದೆ. ದಿನವಿಡೀ ಕಲ್ಪನೆಯ ಆಟ. ಆದರೆ ‘ಮಂಚದ ಕೆಳಗೆ ಮೊಸಳೆ ಇರಬಹುದಾ?’ ಅಂದರೆ ‘ಆಗೋದೇ ಇಲ್ಲ’ ಅಂತಾಳೆ. ಗೋಡೆ ತೂರಿಕೊಂಡು ನಡೆಯಬಹುದಾ ಅಂದರೂ ಅದೇ ಉತ್ತರ. ಎರಡರ ವ್ಯತ್ಯಾಸ ಯಾಕೆ ಕಾಣುತ್ತಿಲ್ಲ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಈ ವಯಸ್ಸಿಗೆ ಸಹಜವಾದ ಉತ್ತರ, ಚಿಂತೆ ಬೇಡ. ಮನಶ್ಶಾಸ್ತ್ರಜ್ಞರಾದ ಆಂಡ್ರೂ ಶ್ಟುಲ್ಮನ್ ಮತ್ತು ಸೂಸನ್ ಕೇರಿ 4, 6, 8 ವರ್ಷದ ಮಕ್ಕಳಿಗೂ ದೊಡ್ಡವರಿಗೂ ಇಂಥವೇ ಪ್ರಶ್ನೆ ಕೇಳಿ 2007ರಲ್ಲಿ ಪ್ರಕಟಿಸಿದ್ದರು. ಮಂಚದ ಕೆಳಗೆ ಮೊಸಳೆ ಅಪರೂಪ ನಿಜ, ಆದರೆ ಪ್ರಕೃತಿಯ ಯಾವ ನಿಯಮವನ್ನೂ ಮುರಿಯುವುದಿಲ್ಲ. ನಾಲ್ಕರ ಮಕ್ಕಳು ಇಂಥವನ್ನು ಬಹುಮಟ್ಟಿಗೆ ಅಸಾಧ್ಯದ ಜೊತೆಗೇ ಸೇರಿಸಿದರು. ವಯಸ್ಸು ಏರಿದಂತೆ ಎರಡೂ ಬೇರೆಯಾಗುತ್ತ ಬಂದವು.

‘ಇದು ಹೇಗೆ ನಡೆದೀತು?’ ಎಂದು ಮಗು ಮನಸ್ಸಿನಲ್ಲೇ ದಾರಿ ಹುಡುಕುತ್ತದೆ. ಸಿಗದಿದ್ದರೆ ‘ಆಗಲ್ಲ’. ದೊಡ್ಡವರು ಇನ್ನೊಂದು ಹೆಜ್ಜೆ ಇಡುತ್ತಾರೆ: ದಾರಿ ಹೊಳೆಯಲಿಲ್ಲ ಸರಿ, ತಡೆಯುವ ಕಾರಣವಾದರೂ ಇದೆಯೇ? ಆಟದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ‘ಹಾಗಂದ್ಕೊಳ್ಳೋಣ’ ಎಂದರೆ ಸಾಕು.

ಆದ್ದರಿಂದ ‘ಆಗುತ್ತೆ ಕಣೇ’ ಎಂದು ತಿದ್ದಬೇಡಿ. ‘ಮೊಸಳೆ ಅಲ್ಲಿಗೆ ಬರಬೇಕಾದರೆ ಮೊದಲು ಏನಾಗಬೇಕು?’ ಎಂದು ಕೇಳಿ. ಹತ್ತಿರ ನದಿ, ತೆರೆದ ಬಾಗಿಲು, ಹೀಗೆ ಒಂದೊಂದೇ ಮೆಟ್ಟಿಲು ಅವಳೇ ಹೇಳಲಿ. ಆಮೇಲೆ ಗೋಡೆಯ ಪ್ರಶ್ನೆಗೂ ಅದನ್ನೇ ಮಾಡಿ. ಅಲ್ಲಿ ಮೆಟ್ಟಿಲು ಸಿಗುವುದಿಲ್ಲ. ಆ ವ್ಯತ್ಯಾಸವೇ ಪಾಠ. ಮಲಗುವ ಹೊತ್ತಿಗೆ ಮಾತ್ರ ಬೇಡ. ಪಾಲ್ ಹ್ಯಾರಿಸ್ ತಂಡದ 1991ರ ಪ್ರಯೋಗದಲ್ಲಿ, ಖಾಲಿ ಪೆಟ್ಟಿಗೆಯೊಳಗೆ ಪ್ರಾಣಿ ಇದೆ ಎಂದು ಬರೀ ಕಲ್ಪಿಸಿಕೊಂಡ ಮಕ್ಕಳಲ್ಲೂ ಕೆಲವರಿಗೆ ಒಳಗೆ ನಿಜವಾಗಿ ಏನಾದರೂ ಇದ್ದರೆ ಎಂಬ ಅನುಮಾನ ಹತ್ತಿತ್ತು.

ಪ್ರಶ್ನೆ: ನನ್ನ ಮಗನಿಗೆ ಮೂರು. ‘ಹೀಗೂ ಆಗಬಹುದು, ಹಾಗೂ ಆಗಬಹುದು’ ಎಂಬುದು ಅವನಿಗೆ ತಿಳಿಯುತ್ತದೆಯೇ ಎಂದು ಮನೆಯಲ್ಲೇ ನೋಡಬಹುದೇ?

ಉತ್ತರ: ನೋಡಬಹುದು. ಇದನ್ನೇ ಪರೀಕ್ಷಿಸಲು ಸಂಶೋಧಕರಾದ ರೆಡ್‌ಶಾ ಮತ್ತು ಸಡೆನ್‌ಡಾರ್ಫ್ 2016ರಲ್ಲಿ ಬಳಸಿದ್ದು ತಲೆಕೆಳಗಾದ ‘ವೈ’ ಆಕಾರದ ಕೊಳವೆ. ಮೇಲಿಂದ ಬಿಟ್ಟದ್ದು ಎರಡು ಬಾಯಿಗಳಲ್ಲಿ ಒಂದರಿಂದ ಬೀಳುತ್ತದೆ, ಮಗು ಹಿಡಿಯಬೇಕು. ಎರಡು ವರ್ಷದ ಮಕ್ಕಳು ಹೆಚ್ಚಾಗಿ ಒಂದೇ ಬಾಯಿಗೆ ಕೈಯೊಡ್ಡಿದರು. ನಾಲ್ಕು ವರ್ಷದ ಬಹುತೇಕ ಮಕ್ಕಳು ಎರಡಕ್ಕೂ.

ಅಂಗಡಿಯ ಪಿವಿಸಿ ‘ವೈ’ ಜೋಡಣೆ ತರಬೇಡಿ. ಅದರ ಒಂದು ಕವಲು ನೇರವಾಗಿರುವುದರಿಂದ ಚೆಂಡು ಅಲ್ಲೇ ಇಳಿಯುತ್ತದೆ. ದಪ್ಪ ಕಾಗದದ ಮೂರು ಸುರುಳಿ ಮಾಡಿ, ಕೆಳಗಿನ ಎರಡನ್ನು ಸಮ ಓರೆಯಲ್ಲಿ ಅಂಟಿಸಿ. ಒಂದೇ ಕೈ ಎರಡೂ ಬಾಯಿ ಮುಚ್ಚುವಷ್ಟು ಹತ್ತಿರ ಇರಬಾರದು. ಮಗುವನ್ನು ಕರೆಯುವ ಮುಂಚೆ ಇಪ್ಪತ್ತು ಸಲ ಚೆಂಡು ಬಿಟ್ಟು, ಎರಡೂ ಕಡೆ ಬೀಳುತ್ತಿದೆಯೇ ನೋಡಿಕೊಳ್ಳಿ. ಒಂದೇ ಕಡೆ ಬಿದ್ದರೆ ಮಗು ಆ ಕಡೆ ಕೈಯಿಡಲು ಕಲಿಯುತ್ತದೆ, ಅಷ್ಟೇ. ನೀವು ಎರಡು ಕೈಯೊಡ್ಡಿ ತೋರಿಸಿದರೆ ಬರೀ ಅನುಕರಣೆ. ಹನ್ನೆರಡು ಸಲವಾದರೂ ಆಡಿಸಿ. ಒಮ್ಮೆ ಎರಡು ಕೈ, ಮರುಸಲ ಒಂದು ಎಂದಾದರೆ ತಿಳಿವಳಿಕೆ ಇನ್ನೂ ನಿಂತಿಲ್ಲ.

ಪ್ರಶ್ನೆ: ದೊಡ್ಡವರು ಇದರಲ್ಲೆಲ್ಲ ಎಡವುವುದಿಲ್ಲ ತಾನೇ?

ಉತ್ತರ: ಎಡವುತ್ತೇವೆ, ಆದರೆ ‘ಎಷ್ಟು ಸಾಧ್ಯ’ ಎಂಬಲ್ಲಿ. ಒಂದು ಚೀಲದಲ್ಲಿ 10 ಗೋಲಿ, 1 ಕೆಂಪು. ಇನ್ನೊಂದರಲ್ಲಿ 100, ಕೆಂಪು 8. ಕಣ್ಣು ಮುಚ್ಚಿ ಕೆಂಪು ತೆಗೆಯಬೇಕು. ಎಂಟು ಎಂಬುದು ಕಣ್ಣು ಸೆಳೆಯುತ್ತದೆ, ಹಲವರು ಎರಡನೆಯದಕ್ಕೇ ಕೈ ಹಾಕುತ್ತಾರೆ. ಶೇಕಡಾ 10 ಬಿಟ್ಟು 8 ಆರಿಸಿದಂತಾಯಿತು. ಶೇಕಡಾ ಲೆಕ್ಕ ಹೇಳುವುದಕ್ಕಿಂತ ಗೋಲಿ ಜೋಡಿಸಿ ತೋರಿಸುವುದು ಮೇಲು: ನೂರನ್ನು ಹತ್ತು ಸಾಲು ಮಾಡಿ, ಸಾಲಿಗೊಂದು ಕೆಂಪು ಇಡುತ್ತ ಹೋಗಿ. ಕೊನೆಯ ಎರಡು ಸಾಲಿಗೆ ಕೆಂಪು ಉಳಿದಿರುವುದಿಲ್ಲ. ಮೂರನೇ ತರಗತಿಯ ಮಗುವಿಗೂ ಅದು ಕಾಣುತ್ತದೆ.