ಸಿನಿಮಾ ಹಾಡು ಬಿಟ್ಟು ಬೇರೆ ಸಂಗೀತಕ್ಕೆ ಕಿವಿ ಹೊಂದಿಸಿಕೊಂಡವರು ಅನುಭವ ಹೇಳಿ

ಹೊಸಕಿವಿ
ಇಷ್ಟು ವರ್ಷ ಸಿನಿಮಾ ಹಾಡು ಬಿಟ್ಟು ಬೇರೇನೂ ಕೇಳಿದವನಲ್ಲ. ಈಗ ಜಾಝ್, ಹಿಂದೂಸ್ತಾನಿ, ಪಾಶ್ಚಾತ್ಯ ಶಾಸ್ತ್ರೀಯ ಎಲ್ಲಾ ಕೇಳಬೇಕು ಅಂತ ಆಸೆ. ಆದರೆ ಸಾಹಿತ್ಯ ಇಲ್ಲದ್ದು ಸ್ವಲ್ಪ ಉದ್ದವಾದರೆ ಗಮನ ಜಾರುತ್ತದೆ. ಆ್ಯಪ್ ಬೇರೆ, ಕೇಳಿದ್ದನ್ನೇ ಹೋಲುವುದನ್ನು ತಂದು ಸುರಿಯುತ್ತದೆ. ದಿನಕ್ಕೆ ಅರ್ಧ ಗಂಟೆ, ಒಂದು ಸಾಧಾರಣ ಇಯರ್‌ಫೋನ್, ಇಷ್ಟೇ ನನ್ನ ಬಂಡವಾಳ. ಹೊಸದೇನೂ ಕೊಳ್ಳುವುದಿಲ್ಲ. ನೀವೆಲ್ಲ ಹೇಗೆ ದಾಟಿದಿರಿ?

ಪ್ಲೇಟ್‌ಪ್ರಿಯ
ಎಲ್‌ಪಿ (ಮುಳ್ಳಿಟ್ಟು ತಿರುಗಿಸುವ ದೊಡ್ಡ ಪ್ಲೇಟು) ಇಲ್ಲದಿದ್ದರೆ ನಾನು ರಾಕ್ ಬಿಟ್ಟು ಜಾಝ್ ಕಡೆ ಬರುತ್ತಲೇ ಇರಲಿಲ್ಲ. ಒಂದು ಬದಿ ಸುಮಾರು 20 ನಿಮಿಷ. ಎದ್ದು ಹೋಗಿ ಮುಳ್ಳು ಎತ್ತಲು ಬೇಜಾರಾಗಿ, ಹಿಡಿಸದ ಸ್ಯಾಕ್ಸೊಫೋನ್ ಸೋಲೊ ಕೂಡ ಕೊನೆತನಕ ಕೇಳುತ್ತೀರಿ. ಫೋನಿನಲ್ಲಾದರೆ ಹೆಬ್ಬೆರಳು ಸುಮ್ಮನಿರುತ್ತದಾ?

ಖರ್ಚು ಮಾತ್ರ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಮೊದಲ ಪ್ಲೇಯರ್‌ನಲ್ಲಿ ಮುಳ್ಳಿನ ಭಾರ ಹೊಂದಿಸುವ ವ್ಯವಸ್ಥೆಯೇ ಇರಲಿಲ್ಲ, ಒಳ್ಳೊಳ್ಳೆ ಪ್ಲೇಟುಗಳನ್ನು ಕೆರೆದು ಹಾಕಿತು. ಅದನ್ನು ಅರ್ಧ ಬೆಲೆಗೆ ದಾಟಿಸಿ ಇನ್ನೊಂದು ತಂದೆ. ಇದಕ್ಕೆ ಮುಳ್ಳಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೊ ಪ್ರೀಆ್ಯಂಪ್ ಬೇರೆ ಬೇಕು ಅಂತ ಮಾರಿದವನು ಬಾಯೇ ಬಿಡಲಿಲ್ಲ. ಹಚ್ಚಿದರೆ ಇಡೀ ಬ್ಯಾಂಡು ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ ಹಾಗೆ! ಪ್ರೀಆ್ಯಂಪ್ ಬಂತು, ಅದರ ಬೆನ್ನಿಗೇ ಅರ್ಥಿಂಗ್ ಸರಿಯಿಲ್ಲದೆ ಗುಂಯ್ ಅನ್ನುವ ಕಾಟ ಬಂತು. ಕೇಬಲ್ ಹೋಯಿತು, ಮುಳ್ಳು ಹೋಯಿತು, ಕೊನೆಗೆ ಸ್ಪೀಕರೂ ಹೋಯಿತು. ಮನೆಯವರು ಮಾತು ಬಿಟ್ಟದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ಪ್ಲೇಟು ಬಿಡಲ್ಲ.

ಅಪಸ್ವರ
ಅವರು ಏನೂ ಕೊಳ್ಳಲ್ಲ ಅಂದಿದ್ದಾರೆ, ನೀವು ಅಂಗಡಿಯ ಪಟ್ಟಿ ಓದುತ್ತಿದ್ದೀರಿ. ಇರಲಿ.

ನನ್ನದು ಹಿಂದೂಸ್ತಾನಿ, ಮೊದಲು ಹಿಡಿದದ್ದು ಅದರ ಮುಖ್ಯ ಗಾಯನ ಪ್ರಕಾರ ಖಯಾಲ್. "ತಾಳ ಗೊತ್ತಿಲ್ಲದೆ ಖಯಾಲ್ ಕೇಳೋದು ದಂಡ" ಅಂದವರ ಮಾತು ಕಟ್ಟಿಕೊಂಡು ಕ್ಲಾಸಿಗೆ ಸೇರಿದೆ. ವಿಲಂಬಿತ್ (ನಿಧಾನಗತಿಯ) ಏಕತಾಲ್, 12 ಮಾತ್ರೆ ಅಂದರೆ 12 ಎಣಿಕೆಯ ತಾಳ. ಅತಿ ನಿಧಾನದಲ್ಲಿ ಒಂದೇ ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಬೆರಳು ಮಡಿಚುತ್ತಾ ಕೂತವಳಿಗೆ ಸಮ್ (ಸುತ್ತಿನ ಮೊದಲ ಮಾತ್ರೆ) ಎಲ್ಲಿ ಅಂತ ತಿಳಿಯಿತು, ಹಾಡಿದವರು ಏನು ಹಾಡಿದರು ಅಂತ ತಿಳಿಯಲಿಲ್ಲ. ಫೀಸು ಪೂರ್ತಿ ಮುಂಗಡ ಕಟ್ಟಿಸಿಕೊಂಡಿದ್ದರು. ನಡುವೆ ಬಿಟ್ಟಾಗ ಬಿಡಿಗಾಸೂ ವಾಪಸ್ ಬರಲಿಲ್ಲ, ಫೋನೂ ಎತ್ತಲಿಲ್ಲ. ಆಮೇಲೆ ಖಯಾಲ್‌ಗಿಂತ ಹಳೆಯ ಧ್ರುಪದ್ ಶೈಲಿಯ ಆಲಾಪ ಸಿಕ್ಕಿತು. ತಾಳ ಹಿಡಿಯುವ ಪಖವಾಜ್ ಇನ್ನೂ ಶುರುವಾಗಿರುವುದಿಲ್ಲ, ಎಣಿಸಲು ತಾಳವೇ ಇಲ್ಲ. ಷಡ್ಜ ಹಿಡಿದು ಒಂದೊಂದೇ ಸ್ವರ ಸೇರುತ್ತಾ ಹೋಗುತ್ತದೆ. ಮುಂದಿನದು ಯಾವಾಗ ಬರುತ್ತದೋ ಅಂತ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಎಣಿಸಬೇಡಿ, ಕಾಯಿರಿ.

ಲಯಗೇಡಿ
ಈ "ಎಣಿಸಬೇಡಿ" ಅನ್ನುವವರಿಂದಲೇ ಜನ ಅರ್ಧದಲ್ಲಿ ಬಿಟ್ಟು ಓಡುವುದು. ನಾನು ಬಂದದ್ದು ಬ್ಲೂಸ್ ಬಾಗಿಲಿಂದ. 12 ಬಾರ್ (ತಾಳದ ಸಮ ತುಂಡು), ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಸಾಮಾನ್ಯವಾಗಿ ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ, ಐದನೆಯದಕ್ಕೆ ಮಧ್ಯಮಕ್ಕೆ ಹೊರಳುತ್ತದೆ, ಒಂಬತ್ತನೆಯದಕ್ಕೆ ಪಂಚಮ. ಆ ಐದನೇ ಬಾರ್ ಹೊರಳುವುದು ಕಿವಿಗೆ ಹತ್ತಲಿ ಅಂತ ನೋಟ್‌ಬುಕ್ ತುಂಬ ಗೀಟು ಎಳೆದಿದ್ದೇನೆ, ರಾತ್ರಿ ನಿದ್ದೆಯಲ್ಲೂ ಬೆರಳು ಕುಟ್ಟಿದ್ದೇನೆ. ಹತ್ತಿದ ಮೇಲೆ 1940ರ ದಶಕದ ಬೀಬಾಪ್ (ಜೋರು ಓಟದ ಜಾಝ್) ತಾನಾಗಿ ಬಿಚ್ಚಿಕೊಂಡಿತು. ಸೋಲೊ ಎಷ್ಟೇ ಜೋರಾಗಿ ಓಡಲಿ, ಎಷ್ಟೋ ಕಡೆ ಅಡಿಯಲ್ಲಿ ಸುತ್ತುತ್ತಿರುವುದು ಅದೇ 12 ಬಾರ್. ಫೀಸು ಹೋದ ಸಿಟ್ಟನ್ನು ತಾಳದ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ ಮೇಡಂ?

ಅಪಸ್ವರ
ಗೀಟು ಎಳೆಯುವುದು ಗುಮಾಸ್ತಿಕೆ ಸರ್, ಕೇಳುವುದಲ್ಲ.

ಎಡಗಿವಿ
ಇಯರ್‌ಫೋನ್ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಮೆಟಲ್ ಕೇಳಿದ್ದು ವರ್ಷಗಟ್ಟಲೆ, ಫುಲ್ ವಾಲ್ಯೂಮ್. ಈಗ ಎಡಗಿವಿಯಲ್ಲಿ ಹಗಲೂ ರಾತ್ರಿ ಕುಂಯ್ ಸದ್ದು. ಆಡಿಯೊಮೆಟ್ರಿ (ಶ್ರವಣ ಪರೀಕ್ಷೆ), ಇನ್ನೊಬ್ಬ ಡಾಕ್ಟರು, ಮತ್ತೆ ಆಡಿಯೊಮೆಟ್ರಿ, ಬಿ12 ಮಾತ್ರೆ, ಸ್ಕ್ಯಾನು. ಎಲ್ಲ ಮುಗಿದ ಮೇಲೆ "ಅಭ್ಯಾಸ ಮಾಡಿಕೊಳ್ಳಿ" ಅಂದರು, ಅದಕ್ಕೂ ಬಿಲ್ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ದನಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ.

ದನಿ ತಗ್ಗಿಸಿದ ಮೇಲೆ ಮೆಟಲ್ ಸಪ್ಪೆ ಅನ್ನಿಸಿ ಸ್ಟ್ರಿಂಗ್ ಕ್ವಾರ್ಟೆಟ್ ಹಿಡಿದೆ. ಎರಡು ವಯಲಿನ್, ಅದಕ್ಕಿಂತ ತುಸು ದೊಡ್ಡ ವಿಯೊಲಾ ಒಂದು, ಇನ್ನೂ ದೊಡ್ಡ, ತಗ್ಗು ದನಿಯ ಚೆಲ್ಲೊ ಒಂದು. ಒಂದು ಸಲ ಚೆಲ್ಲೊ ಒಂದನ್ನೇ ಹಿಂಬಾಲಿಸಿ, ಮರುದಿನ ಅದನ್ನೇ ಹಾಕಿ ವಿಯೊಲಾ ಹುಡುಕಿ. ಗಮನ ಜಾರಲು ಪುರಸೊತ್ತೇ ಇರಲ್ಲ. ತಾಳ ಗೀಳ ನನಗೆ ಗೊತ್ತಿಲ್ಲ.

ಹೊಸಕಿವಿ
ಎಲ್ಲರಿಗೂ ಥ್ಯಾಂಕ್ಸ್. ಆ್ಯಪ್ ವಿಷಯ ಯಾರಾದರೂ ಹೇಳ್ತೀರಾ?

ಹದಿನಾರುಬಿಟ್
ಆಟೊಪ್ಲೇ ಆಫ್ ಮಾಡಿ, ಆಲ್ಬಮ್ ಪೂರ್ತಿ ಕೇಳಿ, ಮುಗೀತು. ನಾನು ಬಂದದ್ದು ಪ್ಲೇಟ್‌ಪ್ರಿಯರ ಪುರಾಣಕ್ಕೆ. ಎಲ್‌ಪಿ ತಿರುಗುವುದು ಹೊರಗೂ ಒಳಗೂ ಒಂದೇ ವೇಗದಲ್ಲಿ, ನಿಮಿಷಕ್ಕೆ 33⅓ ಸುತ್ತು. ನಡುವಿಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ಸೆಕೆಂಡಿಗೆ ಸಿಗುವ ಗೀರಿನ ಉದ್ದ ಕಮ್ಮಿಯಾಗುತ್ತದೆ, ಬದಿಯ ಕೊನೆ ಹಾಡಿನ ತಾರಸ್ವರ ಒಡೆಯುತ್ತದೆ. ಸಿಡಿಗೆ ಆ ರೋಗ ಇಲ್ಲ, ಅತಿ ಮೆಲು ದನಿಯಿಂದ ಅತಿ ಜೋರಿನವರೆಗೆ 96 ಡೆಸಿಬೆಲ್ ವ್ಯಾಪ್ತಿ ಬೇರೆ. ನಾನು ಪ್ಲೇಟುಗಳನ್ನೆಲ್ಲ ಕೊಟ್ಟುಬಿಟ್ಟೆ, ಹಗುರಾಯಿತು.

ಪ್ಲೇಟ್‌ಪ್ರಿಯ
ಡೆಸಿಬೆಲ್ ಲೆಕ್ಕ ಹಾಕಿ ಸಂಗೀತ ಕೇಳುವವರ ಹತ್ತಿರ ನನಗೆ ಮಾತಿಲ್ಲ.

ಹದಿನಾರುಬಿಟ್
ಮುಳ್ಳಿನ ಭಾರವನ್ನು ಗ್ರಾಮ್ ಲೆಕ್ಕದಲ್ಲಿ ತೂಗುವವರು ಹೇಳುವ ಮಾತಾ ಇದು ಸ್ವಾಮಿ?

ಲಯಗೇಡಿ
ಅಪಸ್ವರ ಮೇಡಂ, ಗುಮಾಸ್ತಿಕೆ ಅಂದದ್ದನ್ನು ವಾಪಸ್ ತಗೊಳ್ಳಿ.

ಅಪಸ್ವರ
ತಗೊಳ್ಳಲ್ಲ.