ಚಳಿಗೆ ಬೋಳಾದ ಸೀತಾಫಲ, ಕರಿಬೇವು: ಜೀವ ಇದೆಯೋ ಇಲ್ಲವೋ?

ಪ್ರಶ್ನೆ (ಪಾಷಾಣ, ಪುಣೆ)
ನಮಸ್ಕಾರ. ಹಿತ್ತಲಲ್ಲಿ ಐದು ವರ್ಷದ ಕಸಿ ಸೀತಾಫಲ, ಅದರ ಪಕ್ಕ ಕರಿಬೇವು, ಟೆರೇಸಿನ ಕುಂಡದಲ್ಲಿ ದೇವಕಣಗಿಲೆ ಇವೆ. ಜನವರಿಯಲ್ಲಿ ರಾತ್ರಿ 8 ಡಿಗ್ರಿಗೆ ಇಳಿದ ಮೇಲೆ ಮೂರೂ ಬೋಳಾಗಿವೆ. ಕರಿಬೇವಿನ ತುದಿಗಳು ಕಪ್ಪಾಗಿವೆ. ದಿನಾ ನೀರು ಹಾಕ್ತಾ ಇದ್ದೇವೆ. ಮಾಲಿ ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಕಡಿಯೋಣ ಅಂತಾರೆ. ಕಡಿಸಬಹುದಾ? ಈಗ ಫೆಬ್ರವರಿ ಮೊದಲ ವಾರ.

ಉತ್ತರ 1
ಕಡಿಸಬೇಡಿ ಸರ್. ಮೊದಲು ದಿನಾ ನೀರು ಹಾಕುವುದನ್ನು ನಿಲ್ಲಿಸಿ. ಪುಣೆಯ ಚಳಿಗೆ ಬಲಿತ ಗಿಡ ಸಾಯುವುದು ಅಪರೂಪ. ಎಲೆಯಿಲ್ಲದ ಗಿಡ ನೀರು ಎಳೆಯುವುದಿಲ್ಲ, ಮಣ್ಣು ಹಸಿಯಾಗೇ ಉಳಿದು ಬೇರು ಕೊಳೆಯುತ್ತದೆ. ಮೂರ್ನಾಲ್ಕು ಇಂಚು ಕೆದಕಿ ಮಣ್ಣು ಹಿಡಿದು ನೋಡಿ. ಉಂಡೆ ಕಟ್ಟಿದರೆ ನೀರು ಬೇಡ.

ಸೀತಾಫಲ ಈ ಕಾಲದಲ್ಲಿ ಬೋಳಾಗಲೇಬೇಕು. ಅದರ ಕಣ್ಣು (ಚಿಗುರು ಹೊರಡುವ ಮೊಗ್ಗು) ಎಲೆತೊಟ್ಟಿನ ಬುಡದೊಳಗೇ ಹುದುಗಿರುತ್ತದೆ, ಎಲೆ ಕಳಚಿದ ಮೇಲಷ್ಟೇ ಹೊರಗೆ ಕಾಣುತ್ತದೆ. ತೊಟ್ಟು ಬಿದ್ದ ಗುರುತಿನ ನಡುವೆ ಸಣ್ಣ ಉಬ್ಬು ಇದೆಯಾ ನೋಡಿ. ಗಾಬರಿಯಾಗಬೇಕಾದದ್ದು ಒಣಗಿದ ಎಲೆ ಉದುರದೆ ಕಡ್ಡಿಗೆ ಅಂಟಿಕೊಂಡೇ ಇದ್ದಾಗ: ಎಲೆಯನ್ನು ಕಳಚುವುದಕ್ಕೂ ಕಡ್ಡಿಗೆ ಜೀವ ಬೇಕು, ದಿಢೀರ್ ಸತ್ತ ಕಡ್ಡಿಗೆ ಅದಾಗುವುದಿಲ್ಲ.

ಕರಿಬೇವು 16 ಡಿಗ್ರಿಗಿಂತ ಕೆಳಗೆ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಹಾಗಾಗಿ ಈಗ ಚಿಗುರಿಲ್ಲ ಎಂದ ಮಾತ್ರಕ್ಕೆ ಏನೂ ಹೇಳಲಾಗದು. ತೊಗಟೆ ಕೆರೆದು ನೋಡಿ. ತುದಿಯಿಂದ ಶುರುಮಾಡಿ, ಉಗುರಲ್ಲೋ ಚಾಕುವಿನ ಮೊನೆಯಲ್ಲೋ ಮೂರು ಮಿಲಿಮೀಟರ್ ಅಗಲದ ಜಾಗದಲ್ಲಿ ತೆಳು ಮೇಲ್ಪದರ ಮಾತ್ರ ತೆಗೆಯಿರಿ. ಒಳಗೆ ಹಸಿರು, ತೇವ ಇದ್ದರೆ ಅಲ್ಲಿ ಜೀವ ಇದೆ. ಕಂದು, ಒಣ ಒಣ ಇದ್ದರೆ ಒಂದು ಗೇಣು ಕೆಳಗೆ ಮತ್ತೆ ನೋಡಿ, ಹಾಗೇ ಬುಡದವರೆಗೆ ಬನ್ನಿ. ಕಾಂಡದ ಸುತ್ತ ಉಂಗುರದ ಹಾಗೆ ಮಾತ್ರ ಕೆರೆಯಬೇಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ಪದರದಲ್ಲೇ.

ದೇವಕಣಗಿಲೆಯ ತುದಿಗೆ ಸೂಜಿ ಚುಚ್ಚಿ. ಹಾಲು ಬಂದರೆ ಚಿಂತೆಯಿಲ್ಲ. ತೊಗಟೆ ಸ್ವಲ್ಪ ಸುಕ್ಕಾದರೂ ಪರವಾಗಿಲ್ಲ, ಅದು ಕೂಡಿಟ್ಟ ನೀರಲ್ಲೇ ಚಳಿಗಾಲ ಕಳೆಯುತ್ತದೆ. ಒತ್ತಿದರೆ ಮೆತ್ತಗೆ ಒಳಕ್ಕೆ ಹೋದರೆ ಅದು ಕೊಳೆ.

ಉತ್ತರ 2
ಮೇಲಿನದ್ದು ಸರಿ, ಆದರೆ ಹಸಿರು ಕಂಡ ಕೂಡಲೇ ನಿಶ್ಚಿಂತೆ ಬೇಡ. ಬೇರು ಕೊಳೆತ ಮೇಲೂ ಕೊಂಬೆಯೊಳಗೆ ಕೆಲವು ವಾರ ಹಸಿರು ಉಳಿಯುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಪೆನ್ಸಿಲ್ ದಪ್ಪದ ಬೇರೊಂದನ್ನು ಬಿಡಿಸಿ ನೋಡಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿರಬೇಕು. ಎಳೆದಾಗ ಸಿಪ್ಪೆ ಜಾರಿಬಂದು ನೂಲಿನಂಥ ಎಳೆ ಉಳಿದರೆ, ನಾತ ಹೊಡೆದರೆ, ಸಮಸ್ಯೆ ಕೆಳಗಿದೆ.

ಪ್ರಶ್ನಿಸಿದವರು
ನೋಡಿದೆ. ಸೀತಾಫಲ ತುದಿತನಕ ಹಸಿರು. ಕರಿಬೇವು ಮೇಲಿನ ಒಂದೂವರೆ ಅಡಿ ಕಂದು, ಕೆಳಗೆ ಹಸಿರು, ಬೇರು ಬೆಳ್ಳಗಿದೆ. ದೇವಕಣಗಿಲೆಯ ಒಂದು ಕೊಂಬೆ ಮೆತ್ತಗಾಗಿದೆ.

ಉತ್ತರ 1
ಹಾಗಾದರೆ ಈಗ ಕತ್ತರಿಸಬೇಕಾದದ್ದು ದೇವಕಣಗಿಲೆಯ ಆ ಕೊಂಬೆ ಮಾತ್ರ, ಕೊಳೆ ಕೆಳಗಿಳಿಯುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸಿದ ಚಾಕುವಿನಿಂದ ಕೊಯ್ಯಿರಿ. ಕೊಯ್ದ ಮುಖದ ನಡುವೆ ಕಂದು ಚುಕ್ಕೆ ಕಂಡರೆ ಇನ್ನೊಂದಿಂಚು ಕೆಳಗೆ ಕೊಯ್ಯಿರಿ, ಪೂರ್ತಿ ಬಿಳಿ ಕಾಣುವ ತನಕ. ಎಲೆ ಬರುವವರೆಗೆ ಆ ಕುಂಡಕ್ಕೆ ನೀರು ಬೇಡ.

ಕರಿಬೇವನ್ನು ಮಾರ್ಚ್ ಮಧ್ಯದವರೆಗೆ ಹಾಗೇ ಬಿಡಿ. ಈಗ ಕತ್ತರಿಸಿದರೆ ಎಲ್ಲಿಯವರೆಗೆ ಸತ್ತಿದೆ ಎಂದು ಊಹೆಯ ಮೇಲೆ ಕತ್ತರಿಸಿದಂತೆ. ಕಣ್ಣು ಉಬ್ಬಿದ ಮೇಲೆ ಎಲ್ಲಕ್ಕಿಂತ ಮೇಲಿನ ಜೀವಂತ ಕಣ್ಣಿಗಿಂತ ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು (ಶಿಲೀಂಧ್ರ ತಡೆಯುವ ಮೈಲುತುತ್ತ-ಸುಣ್ಣದ ಲೇಪ) ಹಚ್ಚಿ. 100 ಗ್ರಾಂ ಮೈಲುತುತ್ತವನ್ನು (ಇಲ್ಲಿನ ಅಂಗಡಿಗಳಲ್ಲಿ ಮೋರಚೂದ್ ಅಂತ ಕೇಳಿ) ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣ ಅರಳಿ ತಣ್ಣಗಾದ ಮೇಲೆ ಎರಡನ್ನೂ ಕೂಡಿಸಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಹಾಗೇ ಹಚ್ಚಿದರೆ ತೊಗಟೆ ಸುಡುತ್ತದೆ. ಮಿಕ್ಕದ್ದನ್ನು ಇಡಬೇಡಿ, ಅವತ್ತೇ ಮುಗಿಸಿ.

ಚಿಗುರು ಬೆರಳುದ್ದ ಆಗುವ ತನಕ ಯೂರಿಯಾ ಬೇಡ, ಗೊಬ್ಬರವೂ ಬೇಡ.

ಉತ್ತರ 2
ಒಂದು ಸೇರಿಸುತ್ತೇನೆ. ಎಲೆಯಿಲ್ಲದ ಸೀತಾಫಲದ ಕಾಂಡಕ್ಕೆ ಮಾರ್ಚಿನ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಪಶ್ಚಿಮದ ಮಗ್ಗುಲಿಗೆ ತೆಳುವಾಗಿ ಸುಣ್ಣ ಬಳಿಯಿರಿ, ತೊಗಟೆ ಸೀಳುವುದು ತಪ್ಪುತ್ತದೆ. ನೀರು ಸಿಗದ ಸೀತಾಫಲ ಮುಂಗಾರಿನ ಮೊದಲ ಮಳೆವರೆಗೂ ಸುಮ್ಮನಿರಬಹುದು, ಏಪ್ರಿಲ್‌ನಲ್ಲೇ ಸತ್ತಿತು ಎಂದು ಕಿತ್ತುಹಾಕಬೇಡಿ. ಚಿಗುರು ಬಂದಾಗ ಎಲ್ಲಿಂದ ಬಂತೆಂದು ಗಮನಿಸಿ. ಕಸಿ ಗಂಟಿನ ಕೆಳಗಿಂದ ಮಾತ್ರ ಬಂದಿದ್ದರೆ, ಬದುಕಿರುವುದು ಬೇರುಸಸಿ (ಕಸಿಗೆ ಬುಡವಾಗಿ ಬಳಸಿದ ಗಿಡ) ಮಾತ್ರ. ನೀವು ದುಡ್ಡು ಕೊಟ್ಟು ತಂದ ತಳಿ ಹೋಗಿದೆ ಎಂದರ್ಥ. ಮೇಲೂ ಕೆಳಗೂ ಚಿಗುರಿದ್ದರೆ ಕೆಳಗಿನದ್ದನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಚಿವುಟಿ ತೆಗೆಯಿರಿ.