ಹೊಸ ಷೇರು ಬಂದರೆ ಹಳೇ ಷೇರಿನ ಬೆಲೆ ಇಳಿಯಲೇಬೇಕಾ?

ಸುಮ್ನೆಕೇಳ್ದೆ: ನನ್ನ ಹತ್ತಿರ ಷೇರಿರುವ ಒಂದು ಕಂಪನಿ, ಈಗಿರುವ ಪ್ರತಿ 100 ಷೇರಿಗೆ 25ರಂತೆ ಹೊಸ ಷೇರು ಹೊರಡಿಸಿ ದೊಡ್ಡ ಹೂಡಿಕೆದಾರರಿಗೆ ಮಾರುತ್ತಿದೆ. ಸುದ್ದಿ ಬಂದ ದಿನವೇ ಬೆಲೆ 12% ಬಿತ್ತು. ನನ್ನ ಪಾಲು ಕರಗಿತು ಅಂತ ತಾನೇ ಅರ್ಥ?

ಮಾರಿಬಿಡಿಮಾರಾಯ್ರೆ: ಮತ್ತಿನ್ನೇನು! ಇಷ್ಟು ದಿನ ಲಾಭ 100 ಪಾಲಾಗುತ್ತಿತ್ತು, ಇನ್ಮೇಲೆ 125 ಪಾಲು. ಇಪಿಎಸ್‌ನಲ್ಲಿ, ಅಂದರೆ ಪ್ರತಿ ಷೇರಿನ ಪಾಲಿಗೆ ಬರುವ ಲಾಭದಲ್ಲಿ, ಐದರಲ್ಲೊಂದು ಭಾಗ ಹೋಯಿತು. ಡೈಲ್ಯೂಷನ್ (ಹೊಸ ಷೇರಿನಿಂದ ಹಳೇ ಪಾಲು ಕರಗುವುದು) ಅಂದರೆ ಬೆಲೆ ಇಳಿಯುವುದೇ.

ಲೆಕ್ಕದಬುಕ್ಕು: ಹೊಸ ಪಾಲುದಾರರು ಬರಿಗೈಲಿ ಬರುತ್ತಾರಾ? ಅವರು ಕೊಟ್ಟ ದುಡ್ಡು ಕಂಪನಿಗೇ ಸೇರುತ್ತದೆ. ತಲಾ 10ರ 100 ಷೇರು, ಒಟ್ಟು 1000 ಅಂದುಕೊಳ್ಳಿ. ಹೊಸ 25ನ್ನೂ 10ಕ್ಕೇ ಮಾರಿದರೆ ಒಟ್ಟು 1250, ಷೇರು 125. ಬೆಲೆ ಅದೇ 10. ನಿಮ್ಮ ಶೇಕಡಾವಾರು ಪಾಲು ಇಳಿಯಿತು, ಅದರ ಬೆಲೆ ಇಳಿಯಲಿಲ್ಲ. ಎಷ್ಟಕ್ಕೆ ಮಾರುತ್ತಿದ್ದಾರೆ, ಅದು ಹೇಳಿ ಮೊದಲು.

ಸುಮ್ನೆಕೇಳ್ದೆ: ಸುದ್ದಿಗೆ ಮುಂಚಿನ ಬೆಲೆಗಿಂತ 20% ಕಮ್ಮಿಗೆ.

ಲೆಕ್ಕದಬುಕ್ಕು: ಹಾಗಾದರೆ ತಲಾ 8ರಂತೆ 200 ಬಂತು. 1200ನ್ನು 125ರಿಂದ ಭಾಗಿಸಿ, 9.60. ಲೆಕ್ಕಕ್ಕೆ ಸಿಗುವ ನಷ್ಟ 4%. ಉಳಿದ 8%ನ್ನೂ ಡೈಲ್ಯೂಷನ್ ತಲೆಗೇ ಕಟ್ಟಬೇಡಿ.

ಹಳೇಹುಲಿ: ಆ 8% ಕೊಳ್ಳುವವರ ಮನಸ್ಸು. ಟೆಸ್ಲಾ 2020ರಲ್ಲಿ ಮೂರು ಸಲ ಹೊಸ ಷೇರು ಮಾರಿತು. ಕೊನೆಯ ಎರಡು ಸಲ ತಲಾ 500 ಕೋಟಿ ಡಾಲರ್‌ವರೆಗೆ. ಆದರೂ ವರ್ಷದ ಕೊನೆಗೆ ಬೆಲೆ ಎಂಟು ಪಟ್ಟು ದಾಟಿತ್ತು. ಡಿಸೆಂಬರ್ 21ಕ್ಕೆ ಅಮೆರಿಕದ ದೊಡ್ಡ ಕಂಪನಿಗಳ ಎಸ್ ಆಂಡ್ ಪಿ 500 ಸೂಚ್ಯಂಕ ಸೇರಿತಲ್ಲ, ಆ ಪಟ್ಟಿಯಂತೆಯೇ ಹಣ ಹೂಡುವ ಇಂಡೆಕ್ಸ್ ಫಂಡ್‌ಗಳು ಇಷ್ಟ ಇರಲಿ ಬಿಡಲಿ ಕೊಳ್ಳಲೇಬೇಕಿತ್ತು.

ಮಾರಿಬಿಡಿಮಾರಾಯ್ರೆ: ಎಲ್ಲದಕ್ಕೂ ಟೆಸ್ಲಾ! ಅಮೆರಿಕದ ವಿಡಿಯೋ ಗೇಮ್ ಅಂಗಡಿ ಕಂಪನಿ ಗೇಮ್‌ಸ್ಟಾಪ್ ನೋಡಿ. 2024ರ ಜೂನ್ 7ಕ್ಕೆ 7.5 ಕೋಟಿ ಷೇರು ಮಾರುತ್ತೇವೆ ಅಂದರು. ಅವತ್ತೇ ಸುಮಾರು 39% ಬಿತ್ತು.

ಹಳೇಹುಲಿ: ಅವತ್ತೇ ವ್ಯಾಪಾರ ಇಳಿದ ಫಲಿತಾಂಶವೂ ಬಂದಿತ್ತು, ಅದನ್ನು ಯಾಕೆ ಬಿಟ್ಟಿರಿ? ಇನ್ನೊಂದು ತಮಾಷೆ. ಕೆಲವೇ ದಿನದಲ್ಲಿ ಅಷ್ಟೂ ಷೇರು ಮಾರಿ 200 ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿದರು. ಬೆಲೆ ಪುಸ್ತಕದ ಮೌಲ್ಯಕ್ಕಿಂತ (ಆಸ್ತಿಯಲ್ಲಿ ಸಾಲ ಕಳೆದು ಪ್ರತಿ ಷೇರಿಗೆ ಉಳಿಯುವುದಕ್ಕಿಂತ) ಎಷ್ಟೋ ಮೇಲಿತ್ತು. ಹಾಗಾಗಿ ಹಳೇ ಷೇರುದಾರರಿಗೆ ಪ್ರತಿ ಷೇರಿನ ಹಿಂದಿನ ನಗದು ಹೆಚ್ಚೇ ಆಯಿತು.

ಮಾರಿಬಿಡಿಮಾರಾಯ್ರೆ: ಸರಿ, ಆದರೆ ದುಬಾರಿ ಬೆಲೆಗೆ ಕೊಂಡವರ ಗತಿ?

ಹಳೇಹುಲಿ: ಅವರದ್ದು ಬೇರೆ ಕಥೆ, ಅಲ್ವಾ. ಸುಮ್ನೆಕೇಳ್ದೆ ಅವರೇ, ಎತ್ತಿದ ದುಡ್ಡು ಯಾವುದಕ್ಕಂತೆ?

ಸುಮ್ನೆಕೇಳ್ದೆ: ಹಳೇ ಸಾಲ ತೀರಿಸಲಿಕ್ಕೆ.

ಲೆಕ್ಕದಬುಕ್ಕು: ಬಡ್ಡಿ ಎಷ್ಟು ಉಳಿಯುತ್ತದೆ ನೋಡಿ, ಅದನ್ನು ಲಾಭಕ್ಕೆ ಸೇರಿಸಿ 125ರಿಂದ ಭಾಗಿಸಿ. ಇಪಿಎಸ್ ಅಷ್ಟೇನೂ ಇಳಿಯದೇ ಇರಬಹುದು.

ಸುಮ್ನೆಕೇಳ್ದೆ: ವಾರ್ಷಿಕ ವರದಿ ತೆಗೆದು ಕೂತೆ. ಬಡ್ಡಿ ಯಾವ ಪುಟದಲ್ಲಿರುತ್ತದೆ?